ಬೋಗಾಣಿ ಬಂತೆಂದರೆ ಮನೆ ಖಾಲಿ

ನಮ್ಮ ಮನೆಯ ಮಾಲೀಕರಷ್ಟು ಅಪಾಯದ ಮನುಷ್ಯ ಇಡೀ ಹೈದರಾಬಾದಿನಲ್ಲೇ ಇಲ್ಲ. ಯಾಕೆ ಗೊತ್ತೇ? ಅವರು ಯಾರನ್ನೂ ಬೈಯುವುದಿಲ್ಲ!

ರಾಯಚೂರು ಕಡೆಯವರು. ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮಾಲು ತಪಾಸಣೆ ಮಾಡಿ ರಿಟೈರ್ ಆದರು. ಮದುವೆಯಾಗಿಲ್ಲ. ಎಷ್ಟು ಹುಡುಗಿಯರನ್ನು ತಪಾಸಣೆಯಲ್ಲಿ ಫೇಲ್ ಮಾಡಿದರೋ, ಕೇಳುವ ಧೈರ್ಯ ಯಾರಿಗಿದೆ? ಉಪ್ಪಲ್‌ನ ಅವರ ಮನೆಯಲ್ಲಿ ಕೆಳಗೆ ಅವರೊಬ್ಬರೇ, ಮೊದಲನೇ ಮಹಡಿಯಲ್ಲಿ ಬಂದು ಹೋಗುವ ಬಾಡಿಗೆಯವರು, ಎರಡನೆಯದರಲ್ಲಿ ಕಲಬುರ್ಗಿಯಿಂದ ಬಂದ ನಾವು. ಅವರನ್ನು ಕಾಕಾ ಅನ್ನುತ್ತೇವೆ. ಕಾಕಾಗೆ ಲೋಕದ ಮೇಲೆಲ್ಲ ಅನುಮಾನ. ಹಾಲಿನ ಪ್ಯಾಕೆಟ್ಟನ್ನೂ ಬಿಸಿಲಿಗೆ ಹಿಡಿದು ನೋಡುತ್ತಾರೆ. ಒಳಗೆ ಏನು ಕಂಡೀತು? ಬಿಳಿ!

ಬಾಡಿಗೆಯವರು ಬೇಡವಾದರೆ ಕಾಕಾ "ಖಾಲಿ ಮಾಡ್ರಿ" ಅನ್ನುವುದೇ ಇಲ್ಲ. ಹನ್ನೊಂದು ತಿಂಗಳ ಕರಾರು ಮುಗಿಯುವ ಹೊತ್ತಿಗೆ ತಾವೇ ಬೀದಿ ಬೀದಿ ಅಲೆದು ಅವರಿಗೆ ಬೇರೆ ಮನೆ ಹುಡುಕುತ್ತಾರೆ. ಆಮೇಲೆ ಕೋಠಿ ಬಸ್ ಹತ್ತಿ, ಇಳಿದು, ಬೇಗಂ ಬಜಾರಿಗೆ ನಡೆದು ಒಂದು ಸ್ಟೀಲಿನ ಬೋಗಾಣಿ ತರುತ್ತಾರೆ, ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ಅಗಲ ಬಾಯಿಯ ಪಾತ್ರೆ. ಅದಕ್ಕೆ ನೀರು ತುಂಬಿ ಇಡೀ ಹಗಲು ಪೇಪರಿನ ಮೇಲಿಡುತ್ತಾರೆ. ಪೇಪರು ಒದ್ದೆಯಾಗದಿದ್ದರೆ ಬೋಗಾಣಿ ಪಾಸ್, ಬಾಡಿಗೆಯವರು ಫೇಲ್!

ಬೆಂಗಳೂರಿನ ಮೂವರು ಸಾಫ್ಟ್‌ವೇರ್ ಹುಡುಗರು ರಾತ್ರಿಯಿಡೀ ಗಿಟಾರ್ ಬಾರಿಸುತ್ತಿದ್ದರು. ಅದು ಗಿಟಾರಲ್ಲ, ತಗಡಿಗೆ ಹಲ್ಲುನೋವು. ಕಾಕಾ ಬೋಗಾಣಿ ಹಿಡಿದು ಮೇಲೆ ಹೋದರು.

"ಮಾಧಾಪುರದಾಗ ನಿಮಗೊಂದು ಮನಿ ನೋಡೀನ್ರಿ. ಆಫೀಸಿಗೆ ಸಮೀಪ, ಲಿಫ್ಟ್ ಐತಿ."

"ಓನರ್ ಸ್ಟ್ರಿಕ್ಟಾ ಅಂಕಲ್?"

"ಭಾಳ ಚಲೋ ಮನಿಷಾ. ಪೂರಾ ಕಿವುಡ!"

ಹುಡುಗರು ಕಾಕಾನ ಕಾಲಿಗೆ ಬಿದ್ದು ಹೊರಟರು.

ಆಮೇಲೆ ಬಂದವರು ವಕೀಲರು. ಬೋಗಾಣಿ ನೋಡುತ್ತಲೇ ಕರಿ ಕೋಟು ಹಾಕಿಕೊಂಡು ಬಂದು ಮೆಟ್ಟಿಲ ಮೇಲೆ ಗುಡುಗಿದರು: "ನೋಟಿಸ್ ದೇವ್ ಸಾಬ್, ದೇಖ್ ಲೇಂಗೇ! ನೋಟಿಸ್ ಕೊಡಿ, ನೋಡೇಬಿಡೋಣ!"

"ನೋಟಿಸ್ ಯಾಕ್ರಿ? ಟೆಂಪೋ ತರಿಸೀನಿ," ಎಂದರು ಕಾಕಾ. ಆಮೇಲೆ ವಕೀಲರ ತುಳಸಿ ಗಿಡವನ್ನು ತೊಡೆಯ ಮೇಲಿಟ್ಟುಕೊಂಡು ತಾವೇ ಟೆಂಪೋದ ಮುಂದಿನ ಸೀಟಿನಲ್ಲಿ ಕೂತರು. ಪಾಪ, ವಕೀಲರು ಯಾರ ಜೊತೆ ಜಗಳವಾಡಬೇಕು? ಗಿಡದ ಜೊತೆಯೇ?

ಇಷ್ಟೆಲ್ಲ ನೋಡಿ ನಗುತ್ತಿದ್ದ ನಮಗೂ ಕಳೆದ ತಿಂಗಳು ಸರದಿ ಬಂತು. ಕಾಕಾ ನಮ್ಮ ಮನೆಗೆ ಬಂದು, ಒಂದು ದಾರ ತೆಗೆದು ಅಜ್ಜಿಯ ಮಂಚ ಅಳೆಯತೊಡಗಿದರು!

"ಏನ್ರಿ, ನನ್ನ ಅಳತಿ ತಗೊಳ್ಳಾಕತ್ತೀರಿ? ನನಗಿನ್ನೂ ಟೈಮ್ ಐತಿ!" ಎಂದಳು ಅಜ್ಜಿ.

ಕಾಕಾ ದಾರಕ್ಕೆ ಗಂಟು ಹಾಕಿಕೊಂಡು ಹೋದರು. ಮೂರನೆಯ ದಿನ ನಮ್ಮ ಬಾಗಿಲಲ್ಲಿ ಬೋಗಾಣಿ; ಈ ಸಲ ಯಾವ ಮನೆ, ಎಲ್ಲಿ ಎಂಬ ಮಾತೇ ಇಲ್ಲ.

ಅಮ್ಮ ಅದನ್ನು ಕೆಳಗೆ ಅವರ ಹೊಸ್ತಿಲಲ್ಲಿಟ್ಟು ಬಂದಳು. ಮಧ್ಯಾಹ್ನ ಅದು ಮೇಲೆ ಬಂತು. ಸಂಜೆ ಕೆಳಗೆ ಹೋಯಿತು. ನಾಲ್ಕು ದಿನ ಆ ಬೋಗಾಣಿ ಹತ್ತಿಳಿದಷ್ಟು ನಾನು ಶಾಲೆಯ ಮೆಟ್ಟಿಲೂ ಹತ್ತಿಲ್ಲ! ಆದರೆ ಅಪ್ಪ ನಗಲಿಲ್ಲ. ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ವರ್ಷವಾಗಿತ್ತು. ಅಂದಿನಿಂದ ಕೆಳಗಿಳಿದಿಲ್ಲ, ರಸ್ತೆ ಕಂಡಿಲ್ಲ. ಈ ಮನೆ ಬಿಟ್ಟರೆ ನೆಲಮಹಡಿಯ ಮನೆಯೇ ಬೇಕು. ಅದೆಲ್ಲಿ ಸಿಗುತ್ತದೆ? ಸಾಫ್ಟ್‌ವೇರ್‌ನವರು ಬಂದ ಮೇಲೆ ನೆಲಮಹಡಿಗಳೆಲ್ಲ ಹಾಸ್ಟೆಲ್ಲು, ಇಲ್ಲವೇ ಪಲ್ಯ ಸಾರು ಮಾರುವ ಕರ್ರಿ ಪಾಯಿಂಟು. ಅಪ್ಪ ಎರಡು ಭಾನುವಾರ ಸುತ್ತಿ ಬರಿಗೈಲಿ ಬಂದರು. ಅಮ್ಮ ಸಾಮಾನು ಕಟ್ಟತೊಡಗಿದಳು. ನಾನು ಬೋಗಾಣಿ ಹಿಡಿದು ಕೆಳಗೆ ಓಡಿದೆ.

"ಕಾಕಾ, ನಮ್ಮನ್ನ ಓಡಸ್ತೀರೇನು?"

"ಹೂಂ. ಆ ಮೆಟ್ಟಲದಿಂದ ಓಡಸ್ತೀನಿ," ಎಂದು ಬಾಗಿಲು ತೆರೆದರು.

ಅವರ ಮನೆ ಬರಿದಾಗಿತ್ತು. ಗೋಡೆಗೆ ಹೊಸ ಸುಣ್ಣ. ರಸ್ತೆಯ ಕಡೆಯ ಕಿಟಕಿಯ ಕೆಳಗೆ, ಗಂಟು ಹಾಕಿದ ದಾರದ ಅಳತೆಗೆ ಸರಿಯಾಗಿ, ಸೀಮೆಸುಣ್ಣದಲ್ಲಿ ಒಂದು ಮಂಚದ ಜಾಗ ಗುರುತು ಮಾಡಿದ್ದರು. ಅವರ ಸಾಮಾನೆಂದರೆ ಬಾಗಿಲಲ್ಲಿದ್ದ ಒಂದು ಟ್ರಂಕು.

"ಬಾಯಿಬಿಟ್ಟು ಹೇಳಾಕ ಏನಾಗಿತ್ರಿ?"

"ಹೇಳಿದ್ರ ನಿಮ್ಮಪ್ಪ ಬ್ಯಾಡ ಅಂತಿದ್ದ, ಪೋರಿ. ಬೋಗಾಣಿ ಬಂದ ಮ್ಯಾಲ ಇಲ್ಲೀತನಕ ಯಾರೂ ನಿಂತಿಲ್ಲ."

ಭಾನುವಾರ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಅಪ್ಪ ಮುಂದೆ, ಕಾಕಾ ಹಿಂದೆ ಹಿಡಿದು ಇಳಿಸಿದರು. ಹೊಸ ಬೋಗಾಣಿಯಲ್ಲಿ ಹಾಲು ಉಕ್ಕಿತು. ಅಜ್ಜಿ ಮಾತ್ರ ಹಾಲು ನೋಡಲಿಲ್ಲ. ಕಿಟಕಿಯಿಂದ ತರಕಾರಿ ಗಾಡಿಯವನ ಜೊತೆ ಚೌಕಾಶಿಗೆ ಇಳಿದಿದ್ದಳು.

ಕಾಕಾ ಟ್ರಂಕು ಹೊತ್ತು ನಾವು ಬಿಟ್ಟ ಎರಡನೇ ಮಹಡಿಗೆ ಹೋದರು. ಆಗ ಹೊಳೆಯಿತು: ಅವರಿಗೂ ಹೊಸ ಮನೆಯೇ ಅಲ್ಲವೇ? ಅವರಿಗೆ ಬೋಗಾಣಿ ತಂದವರು ಯಾರು? ಕಟ್ಟಿದ ಸಾಮಾನಿನಲ್ಲಿ ಕೈಗೆ ಸಿಕ್ಕಿದ್ದು, ಅಮ್ಮ ಗುಜರಿಗೆ ಹಾಕಬೇಕೆಂದಿದ್ದ ತಳ ಕಪ್ಪಾದ ಹಳೆಯ ಬೋಗಾಣಿ. ಅದನ್ನೂ ಹಾಲಿನ ಪ್ಯಾಕೆಟ್ಟನ್ನೂ ಹಿಡಿದು ಹತ್ತಿದೆ.

ಕಾಕಾ ಪ್ಯಾಕೆಟ್ಟನ್ನು ಬಿಸಿಲಿಗೆ ಹಿಡಿಯಲಿಲ್ಲ. ಬೋಗಾಣಿಗೆ ನೀರು ತುಂಬಿ ನೋಡಲಿಲ್ಲ. ಟ್ರಂಕಿನಿಂದ ತೆಗೆದ ಸ್ಟೋವಿನ ಮೇಲೆ ಸೀದಾ ಇಟ್ಟರು. ತಳದಿಂದ ಒಂದೊಂದೇ ಹನಿ ಬೆಂಕಿಗೆ ಬಿದ್ದು ಚುಂಯ್ ಚುಂಯ್ ಎನ್ನುತ್ತಿತ್ತು. ಮೂವತ್ತು ವರ್ಷ ತಪಾಸಣೆ ಮಾಡಿದ ಕಿವಿಗೆ ಅದು ಕೇಳಿಸಲಿಲ್ಲವೇ?

ಹಾಲು ಉಕ್ಕಿತು. ಕಾಕಾ ಬೋಗಾಣಿ ಇಳಿಸಿ, ಸೋರುವ ತಳದಡಿ ಒಂದು ತಟ್ಟೆ ಇಟ್ಟರು.

"ಗಟ್ಟಿ ಬೋಗಾಣಿ ಐತಿ, ಪೋರಿ," ಎಂದರು. "ಪಾಸ್."