ಗಾಜು ಉಜ್ಜೋನಿಗೆ ಕುರ್ಚಿ ಹಾಕಿದವರು

"ಸುಮ್ನೆ ಕೂತ್ಕೋಬೇಡಿ, ಕೆಲಸಕ್ಕೆ ಹೋಗಿ." ಹೆಂಡತಿ ನನಗೆ ಹೇಳಿದ ಕೊನೇ ಮಾತು. ಅವಳು ಹೋದ ಮೇಲೆ ಸಿಕ್ಕಿದವರೆಲ್ಲ ನನ್ನನ್ನು ಕೂರಿಸುವವರೇ. ಇಂಥದ್ದೆಲ್ಲ ನನಗೇ ಯಾಕೆ ಗಂಟುಬೀಳುತ್ತೋ.

ಕೆಲಸ ಗರುಡಾಚಾರ್‌ಪಾಳ್ಯದ ಒಂದು ಲ್ಯಾಬಿನಲ್ಲಿ. ಕಂಪ್ಯೂಟರ್‌ಗಳು ಇನ್ನೂ ಡಬ್ಬದ ಹಾಗೆ ದಪ್ಪಗಿದ್ದ ಕಾಲ. ತೆಳು ಪಾಲಿಮರ್ ಲೇಪ ಹಚ್ಚಿದ ಗಾಜನ್ನು ಮಖಮಲ್ಲಿನಲ್ಲಿ ಒಂದೇ ದಿಕ್ಕಿಗೆ ಉಜ್ಜಬೇಕು. ಅಂಥ ಎರಡು ಗಾಜಿನ ನಡುವೆ ಲಿಕ್ವಿಡ್ ಕ್ರಿಸ್ಟಲ್ ಅನ್ನೋ ದ್ರವ ತುಂಬುತ್ತಾರೆ. ಕರೆಂಟ್ ಕೊಟ್ಟರೆ ಬೆಳಕು ಪಕ್ಕಕ್ಕೆ ತಿರುಗುತ್ತೆ. ನನಗೆ ಗೊತ್ತಿರೋದು ಇಷ್ಟೇ.

ಮಖಮಲ್

ತಿಥಿ ಮುಗಿಸಿ ಕೆಲಸಕ್ಕೆ ಹೋದರೆ ಮಖಮಲ್ ಮುಗಿದಿತ್ತು. ಶಿವಾಜಿನಗರದ ಬಟ್ಟೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ಸ್ಟೂಲ್ ಎಳೆದ.

"ಬೈಠೋ ಚಾಚಾ. ಮದುವೆನಾ?"

"ಅಲ್ಲ. ಗಾಜು ಉಜ್ಜಕ್ಕೆ."

ಕತ್ತರಿ ಕೆಳಗಿಟ್ಟ. ಪಕ್ಕದ ಅಂಗಡಿಯವನನ್ನೂ ಕರೆದ. "ನೋಡೋ, ಮಖಮಲ್‌ನಲ್ಲಿ ಕಿಟಕಿ ಒರೆಸ್ತಾರಂತೆ!" ಒಂದು ಹಳೇ ಲುಂಗಿ ತಂದು ನನ್ನ ಕೈಗಿಟ್ಟ. "ಇದು ಫ್ರೀ ಚಾಚಾ. ನಮ್ ಮನೆ ಕಿಟಕಿಗೂ ಇದೇ."

ಮೈ ಉರೀತು. ಮಖಮಲ್ಲೇ ಕೊಂಡೆ. ಲುಂಗಿ ವಾಪಸ್ ಕೊಡಲಿಲ್ಲ, ಉಟ್ಟರೆ ಚೆನ್ನಾಗಿದೆ.

ಕರೆಂಟ್

ಜೋಗುಪಾಳ್ಯದ ನಮ್ಮ ವಠಾರದಲ್ಲಿ ಸಂಜೆ ಕರೆಂಟ್ ಹೋಗಿತ್ತು. ಪಾತ್ರೆ ತೊಳೀತಿದ್ದೆ. ಎದುರುಮನೆಯಮ್ಮ ಸಮಾಧಾನ ಹೇಳಲು ಬಂದರು.

"ನೀವ್ಯಾಕಣ್ಣ? ಕೂತ್ಕೊಳ್ಳಿ." ಪಾತ್ರೆ ಕಿತ್ತುಕೊಂಡರು. ತೊಳೀತಾ ಅತ್ತರು. "ನೀವು ಬೆಳಕನ್ನೇ ತಿರುಗಿಸ್ತೀರಂತೆ. ನಿಮ್ಮನೆಯವ್ರು ದಿನಾ ಹೇಳೋರು." ಮೂಗು ಒರೆಸಿಕೊಂಡು, ದೀಪ ಉರೀತಿದ್ದ ಹಿಂದಿನ ಬೀದಿ ತೋರಿಸಿದರು. "ಅಲ್ಲೀದು ಸ್ವಲ್ಪ ಈ ಕಡೆ ತಿರುಗಿಸ್ಬಾರ್ದಾ ಅಣ್ಣ?"

ಹೆಂಡತಿ ನನ್ನೆದುರು ಒಂದು ದಿನಾನೂ ಹೊಗಳಿದವಳಲ್ಲ. ವಠಾರಕ್ಕೆಲ್ಲ ಹೇಳಿದ್ದಾಳೆ!

ಗೇಟು

ಲ್ಯಾಬ್ ನೋಡಲು ಹೊರಗಿನಿಂದ ದೊಡ್ಡವರು ಬಂದಿದ್ದರು. ನಮ್ಮ ಸಾಹೇಬರು ಸ್ವಿಚ್ ಒತ್ತಿದರು. ಗಾಜು ದಾಟಿ ಗೋಡೆ ಮೇಲೆ ಬಿದ್ದ ಕೆಂಪು ಲೇಸರ್ ಚುಕ್ಕಿ ಪಕ್ಕಕ್ಕೆ ಸರಿಯಬೇಕಿತ್ತು. ಚೆಲ್ಲಿದ ಸಾರಿನ ಹಾಗೆ ಹರಡಿತು. ನಾನು ಉಜ್ಜಿಟ್ಟಿದ್ದ ಗಾಜನ್ನು ಸ್ಟೋರಿನವನು, ಪಾಪ ನನಗೆ ಸಹಾಯ ಆಗಲಿ ಅಂತ, ಒದ್ದೆ ಬಟ್ಟೆಯಲ್ಲಿ ಗುಂಡಗೆ ಒರೆಸಿಟ್ಟಿದ್ದ. ನಾನು ಒಂದೇ ದಿಕ್ಕಿಗೆ ಉಜ್ಜಿದ್ದೆಲ್ಲ ಅಳಿಸಿಹೋಗಿತ್ತು.

ಸಾಹೇಬರು ನಂದೇ ತಪ್ಪು ಅಂದುಕೊಂಡರು. ಆದರೂ ಬೈಯಲಿಲ್ಲ. ಅದಕ್ಕೇ ಕೋಪ ಬಂತು. ಮೊದಲಾಗಿದ್ದರೆ ಗಾಜು ತಂದು ನನ್ನ ಮೇಜಿಗೆ ಕುಕ್ಕೋರು. ಈಗ ಹೆಗಲ ಮೇಲೆ ಕೈ.

"ದುಃಖದಲ್ಲಿದ್ದೀರಿ. ನಾಳೆಯಿಂದ ಗೇಟ್ ಹತ್ರ ಆರಾಮಾಗಿ ಕೂತ್ಕೊಳ್ಳಿ. ಬಂದವರನ್ನ ವಿಚಾರಿಸಿ ಒಳಗೆ ಬಿಡಿ, ಸಾಕು."

"ಸಾರ್, ನನ್ನ ಮೇಜು?"

"ಮೇಜೇನು ಓಡಿಹೋಗಲ್ಲ ಬಿಡ್ರಿ."

ಮಾರನೇ ಬೆಳಿಗ್ಗೆ ಗೇಟಿಗೆ ಬೀಗ ಹಾಕಿ ಕೂತೆ. ಸಾಹೇಬರ ಕಾರು ಬಂತು. ಹಾರ್ನ್ ಹೊಡೆದರು. ಇಳಿದು ಬಂದರು.

"ಯಾರನ್ನ ನೋಡ್ಬೇಕು ಸಾರ್?"

"ನಾನ್ರೀ! ನಾನು!"

"ಹೆಸರು ಹೇಳಿ."

ಹಲ್ಲು ಕಡಿದು ಹೇಳಿದರು.

"ಅವರು ಇನ್ನೂ ಬಂದಿಲ್ಲ" ಅಂದೆ. ಕುರ್ಚಿ ಎತ್ತಿ ಗೇಟಿನ ಮೇಲಿಂದ ಆಚೆ ದಾಟಿಸಿದೆ. "ಆರಾಮಾಗಿ ಕೂತ್ಕೊಳ್ಳಿ. ನಾನು ನಾಕು ಗಾಜು ಉಜ್ಜಿ ಬರ್ತೀನಿ."