ಹುಷಾರಪ್ಪನ ಪೂರ್ತಿ ಇನ್ಶೂರೆನ್ಸ್

ಎಲ್ಲ ರಾದ್ಧಾಂತಕ್ಕೂ ಕಾರಣವಾದದ್ದು ಕಾಗದದ ಮೇಲಿದ್ದ ಎರಡು ಪುಟ್ಟ ಚೌಕಗಳು. ಒಂದು ‘ಬೇಕು’, ಇನ್ನೊಂದು ‘ಬೇಡ’. ಯಾವುದಾದರೊಂದಕ್ಕೆ ಗುರುತು ಹಾಕಿದರೆ ಬಾಡಿಗೆ ಕಾರಿನ ಕೀ ಕೈಗೆ ಬರುತ್ತಿತ್ತು. ಬೇರೆ ಯಾರಿಗಾದರೂ ಅರ್ಧ ನಿಮಿಷದ ಕೆಲಸ. ಆದರೆ ಕೌಂಟರಿನ ಮುಂದೆ ನಿಂತಿದ್ದವನು ಹುಷಾರಪ್ಪ.

ಅದು ಹೆತ್ತವರು ಇಟ್ಟ ಹೆಸರಲ್ಲ, ಹೆಂಡತಿಯ ಮನೆಯವರು ಹಚ್ಚಿದ ಹೆಸರು. ಅವನು ಲಿಫ್ಟುಗಳ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್. ಹನ್ನೆರಡು ಮಹಡಿಯ ಲಿಫ್ಟಿನ ಬ್ರೇಕು, ಬಾಗಿಲು, ಉಕ್ಕಿನ ಹಗ್ಗ ಎಲ್ಲವನ್ನೂ ಪರೀಕ್ಷಿಸಿ, ‘ಸುರಕ್ಷಿತವಾಗಿದೆ’ ಎಂದು ಸಹಿ ಹಾಕಿ, ತಾನು ಮಾತ್ರ ಮೆಟ್ಟಿಲಿಳಿದು ಬರುವ ಆಸಾಮಿ.

ಈ ಪರದೇಶ ಪ್ರವಾಸ ಅವನ ಷಡ್ಡಕನ ಉಪಕಾರ. ಹೆಂಡತಿಯ ಅಕ್ಕನ ಗಂಡನಾದ ಈ ಷಡ್ಡಕ ಸೋಫಾ ಅಂಗಡಿ ಇಟ್ಟು ಚೆನ್ನಾಗಿ ಊದಿಕೊಂಡಿದ್ದ. ಟಿಕೆಟ್ಟು ಅವನದು, ಹೋಟೆಲು ಅವನದು, ಇವತ್ತಿನ ಕಾರು ಬುಕ್ ಆದದ್ದೂ ಅವನ ಕಾರ್ಡಿನಲ್ಲಿ. ಆದರೆ ಅವನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಹುಷಾರಪ್ಪನಿಗೆ ಬರುತ್ತಿತ್ತು. ತನ್ನನ್ನು ಕರೆತಂದದ್ದು ಯಾಕೆಂದು ಹುಷಾರಪ್ಪನಿಗೆ ವಿಮಾನ ಹತ್ತುವ ಮೊದಲೇ ಅರ್ಥವಾಗಿತ್ತು.

ಕೌಂಟರಿನ ಹೆಂಗಸು ಮೂರನೇ ಸಲ ವಿವರಿಸಿದಳು. ಪೂರ್ತಿ ಇನ್ಶೂರೆನ್ಸ್ ತೆಗೆದುಕೊಂಡರೆ ಕಾರಿಗೆ ಏನೇ ಆದರೂ ಚಿಂತೆಯಿಲ್ಲ. ತೆಗೆದುಕೊಳ್ಳದಿದ್ದರೆ ಒಂದು ಗೀರಿಗೂ ಚಾಲಕನೇ ಹೊಣೆ. ಹೊಣೆಯ ಮೊತ್ತ ನೋಡಿ ಹುಷಾರಪ್ಪ ಹಾಳೆಯನ್ನು ಮತ್ತೆ ಮೊದಲಿನಿಂದ ಓದತೊಡಗಿದ. ಅದು ಅವನ ಮೂರು ತಿಂಗಳ ಸಂಬಳ.

“ಏನ್ ಷಡ್ಡಕ್ರೇ, ಇನ್ನೂ ಓದ್ತಾನೇ ಇದೀರಲ್ಲ? ಪರೀಕ್ಷೆ ಏನಾದ್ರೂ ಇದ್ಯಾ?” ಎಂದ ಷಡ್ಡಕ. “ಒಂದು ದಿನದ ಗಾಡಿ. ಅದಕ್ಕ್ಯಾಕೆ ಇನ್ಶೂರೆನ್ಸು? ಆ ದುಡ್ಡಲ್ಲಿ ಐದು ಜನ ಹೊಟ್ಟೆ ತುಂಬಾ ಊಟ ಮಾಡ್ಬಹುದು.”

“ಅಳಿಯಂದ್ರಿಗೆ ಮೊದ್ಲಿಂದ್ಲೂ ಪುಕ್ಕಲು,” ಎಂದರು ಅತ್ತೆ, ಹಿರಿಯ ಅಳಿಯನ ಮುಖ ನೋಡುತ್ತಾ.

“ಪುಕ್ಕಲಲ್ಲ ಅತ್ತೆ. ನನ್ನ ಕೈ ಮೇಲೆ ನಂಗೆ ನಂಬಿಕೆ ಇದೆ. ಎದುರಿಗೆ ಬರೋನ ಕೈ ಮೇಲೆ ಇಲ್ಲ.”

ಷಡ್ಡಕನ ಹೆಂಡತಿ, ಅಂದರೆ ಅತ್ತಿಗೆ, ಕಿಸಕ್ಕನೆ ನಕ್ಕಳು. ಹೆಂಡತಿ ಏನೂ ಹೇಳದೆ ಬ್ಯಾಗಿನ ಜಿಪ್ಪು ಎಳೆಯುತ್ತಾ ನಿಂತಳು. ಅದು ಅವನನ್ನು ಹೆಚ್ಚು ಚುಚ್ಚಿತು. ಜೇಬಿನಲ್ಲಿದ್ದ ತನ್ನ ಸ್ವಂತದ ನೋಟುಗಳನ್ನು ಎಣಿಸಿ ಷಡ್ಡಕನ ಕೈಗಿಟ್ಟ. “ನನ್ನ ದುಡ್ಡು ಭಾವ. ‘ಬೇಕು’ ಅಂತ ಗುರುತು ಹಾಕ್ಸಿ.” ಅಷ್ಟರಲ್ಲಿ ಸಮವಸ್ತ್ರದವನೊಬ್ಬ ಕಾರು ತೋರಿಸಲು ಕರೆದ. ಚಾಲಕನ ಹೊಣೆಯ ಹಾಳೆಗೆ ಅವಸರದಲ್ಲಿ ಸಹಿ ಹಾಕಿ, ಉಳಿದದ್ದನ್ನು ಷಡ್ಡಕನಿಗೆ ಬಿಟ್ಟು ಹುಷಾರಪ್ಪ ಹಿತ್ತಲಿನ ಅಂಗಳಕ್ಕೆ ಹೋದ. ಕಾರಿನ ಸುತ್ತ ಮೂರು ಸುತ್ತು ಬಂದ. ಒಂದೂ ಗೀರಿರಲಿಲ್ಲ.

ಹೊರಟರು. ಸ್ಟೀರಿಂಗ್ ಎಡಕ್ಕಿದ್ದು, ಅದರ ಕಡ್ಡಿಗಳೂ ಅದಲುಬದಲಾಗಿದ್ದುದರಿಂದ ತಿರುವಿನಲ್ಲಿ ದೀಪ ಹಾಕಲು ಹೋದಾಗಲೆಲ್ಲ ವೈಪರ್ ಎದ್ದು ಒಣ ಗಾಜನ್ನು ಒರೆಸುತ್ತಿತ್ತು. ಪ್ರತಿ ಸಲವೂ ಹಿಂದಿನ ಸೀಟಿನಲ್ಲಿ ನಗೆ. ಷಡ್ಡಕ ಪಕ್ಕದಲ್ಲಿ ಕೂತು ಗಂಟೆಗೊಮ್ಮೆ ವರದಿ ಒಪ್ಪಿಸುತ್ತಿದ್ದ.

“ಹತ್ತು ಗಂಟೆ. ಏನೂ ಆಗಿಲ್ಲ. ನಿಮ್ಮ ದುಡ್ಡು ಕರಗ್ತಾ ಇದೆ ಷಡ್ಡಕ್ರೇ.”

ಆ ದೇಶದ ರಸ್ತೆಗೂ ಹುಷಾರಪ್ಪನ ಮೇಲೆ ಏನೋ ಹಗೆ ಇದ್ದಿರಬೇಕು. ಲಾರಿಗಳು ತಾವಾಗಿಯೇ ನಿಂತು ದಾರಿ ಬಿಟ್ಟವು. ಸೈಕಲ್ಲಿನವರು ಕೈ ಎತ್ತಿ ವಂದಿಸಿ ಪಕ್ಕಕ್ಕೆ ಸರಿದರು. ಪಾರ್ಕಿಂಗ್ ಜಾಗಗಳೋ, ಕಾರಿನ ಜೊತೆ ಒಂದು ಎಮ್ಮೆಯನ್ನೂ ನಿಲ್ಲಿಸುವಷ್ಟು ಅಗಲ.

“ಒಂದ್ಸಲ ಎಲ್ಲಾದ್ರೂ ಗುದ್ದಿಬಿಡಿ ಅಳಿಯಂದ್ರೇ, ಕೊಟ್ಟ ಕಾಸಾದ್ರೂ ವಸೂಲಾಗ್ಲಿ!” ಎಂದರು ಅತ್ತೆ. ಕಾರಿಗೆ ಕಾರೇ ನಕ್ಕಿತು. ಕನ್ನಡಿಯಲ್ಲಿ ನೋಡಿದ. ಹೆಂಡತಿಯೂ ನಗುತ್ತಿದ್ದಳು.

ಮಧ್ಯಾಹ್ನ ಕೆರೆಯ ದಂಡೆಯ ಒಳ್ಳೆಯ ಹೋಟೆಲಿನಲ್ಲಿ ಊಟ. “ಇವತ್ತಿನ ಊಟ ನನ್ನ ಕಡೆಯಿಂದ,” ಎಂದು ಷಡ್ಡಕ ದೊಡ್ಡ ಗಂಟಲಿನಲ್ಲಿ ಸಾರಿದ. ಅತ್ತೆ ಹಿರಿಯ ಅಳಿಯನ ಕೈ ದೊಡ್ಡದೆಂದು ಎರಡು ಸಲ ಹೊಗಳಿದರು. ಹುಷಾರಪ್ಪ ಒಂದೊಂದು ತುತ್ತನ್ನೂ ಋಣದ ಹಾಗೆ ನುಂಗಿದ.

ಊಟ ಮುಗಿಸಿ ಬಂದರೆ ಕಾರಿನ ಸುತ್ತ ಜನ. ಗಾಳಿಗೆ ಮರದ ಕೊಂಬೆಯೊಂದು ಮುರಿದು ಬಿದ್ದಿತ್ತು. ಹುಷಾರಪ್ಪ ಓಡಿದ. ಬಿದ್ದದ್ದು ಪಕ್ಕದ ಕಾರಿನ ಮೇಲೆ. ಇವರ ಕಾರಿನ ಮೇಲೆ ನಾಲ್ಕು ಎಲೆ ಉದುರಿದ್ದವು. ಪಕ್ಕದ ಕಾರಿನವನು ಫೋನಿನಲ್ಲಿ ಎರಡು ಮಾತಾಡಿ, “ಪೂರ್ತಿ ಇನ್ಶೂರೆನ್ಸ್ ಇದೆ, ಪರವಾಗಿಲ್ಲ,” ಎಂದು ನಕ್ಕು ಕಾಫಿ ಕುಡಿಯಲು ಹೋದ. ಅವನ ಹೆಂಡತಿ ಅವನ ತೋಳಿಗೆ ತೋಳು ಕೊಟ್ಟು ನಡೆದಳು. ಪರರ ಕಾರು ಜಜ್ಜಿಹೋದದ್ದನ್ನು ನೋಡಿ ಹೊಟ್ಟೆ ಉರಿದುಕೊಂಡ ಮನುಷ್ಯ ಲೋಕದಲ್ಲಿ ಹುಷಾರಪ್ಪ ಒಬ್ಬನೇ ಇರಬೇಕು.

ವಾಪಸು ಬರುವ ದಾರಿಯುದ್ದಕ್ಕೂ ಅವನೊಳಗೆ ಕಹಿ ಏರುತ್ತಾ ಹೋಯಿತು. ಜೀವಮಾನವೆಲ್ಲ ಹೀಗೆಯೇ ಆಗಿತ್ತು. ಅವನು ಕೊಡೆ ಹಿಡಿದ ದಿನ ಮಳೆ ಬರುತ್ತಿರಲಿಲ್ಲ. ಅವನು ಬೀಗ ಎಳೆದು ನೋಡಿದ ಮನೆಗೆ ಕಳ್ಳ ಬರುತ್ತಿರಲಿಲ್ಲ. ಬಿದ್ದ ಲಿಫ್ಟಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಬೀಳದ ಲಿಫ್ಟಿಗೆ ಯಾರೂ ಹಾರ ಹಾಕುವುದಿಲ್ಲ. ಎಚ್ಚರದಿಂದ ಇದ್ದವನಿಗೆ ಸಿಗುವುದು ನಗೆಪಾಟಲು ಮಾತ್ರ. ಒಂದು ಸಲ, ಒಂದೇ ಒಂದು ಸಲ, ‘ನೀವು ಹೇಳಿದ್ದೇ ಸರಿ’ ಎಂದು ಹೆಂಡತಿಯ ಬಾಯಿಂದ ಕೇಳಬೇಕು ಎಂದು ಅವನಿಗೆ ಅಳು ಬರುವಷ್ಟು ಆಸೆಯಾಯಿತು.

ಸಂಜೆ ಐದಕ್ಕೆ ಬಾಡಿಗೆ ಆಫೀಸಿನ ಬಾಗಿಲಲ್ಲಿ ಎಲ್ಲರೂ ಇಳಿದರು. “ಲೆಕ್ಕಕ್ಕೆ ಒಂದು ಸೊಳ್ಳೆನೂ ಕಚ್ಚಲಿಲ್ಲ ಗಾಡಿಗೆ,” ಎಂದು ಷಡ್ಡಕ ಬಾಗಿಲು ಹಾಕಿದ. ಕಾರು ನಿಲ್ಲಿಸಲು ಹುಷಾರಪ್ಪ ಒಬ್ಬನೇ ಹಿತ್ತಲಿನ ಅಂಗಳಕ್ಕೆ ಹೋದ. ಅಲ್ಲೊಂದು ಕಂಬವಿತ್ತು. ಹಳದಿ ಬಣ್ಣದ, ದಪ್ಪನೆಯ, ಒಳ್ಳೆಯ ಕಾಂಕ್ರೀಟ್ ಕಂಬ.

ಆ ಕಡೆ ಈ ಕಡೆ ನೋಡಿದ. ಯಾರೂ ಇರಲಿಲ್ಲ. ಉಸಿರು ಬಿಗಿಹಿಡಿದು ಕಾರನ್ನು ಕಂಬದ ಕಡೆಗೆ ಬಿಟ್ಟ. ಇಪ್ಪತ್ತು ವರ್ಷದ ಅಭ್ಯಾಸ, ಕಾಲು ತಾನಾಗಿಯೇ ಬ್ರೇಕ್ ತುಳಿಯಿತು. ಇಳಿದು ನೋಡಿದರೆ ಕೂದಲೆಳೆಯಂಥ ಗೀರು. ಇದನ್ನು ತೋರಿಸಿದರೆ ಷಡ್ಡಕ ಎಂಜಲು ಹಚ್ಚಿ ಒರೆಸಿಬಿಡುತ್ತಾನೆ. ಮತ್ತೆ ಹತ್ತಿದ. ಹಿಂದಕ್ಕೆ ತೆಗೆದ. ಕಾರಿನ ಪಕ್ಕ ಕಂಬಕ್ಕೆ ಉಜ್ಜುವಂತೆ ನೇರ ಮಾಡಿಕೊಂಡ. ಈ ಸಲ ಕಣ್ಣು ಮುಚ್ಚಿಕೊಂಡ. ಎರಡು ಬಾಗಿಲುಗಳ ಉದ್ದಕ್ಕೂ ಕರಕರನೆ ಹರಿದ ಸದ್ದು ಕೇಳಿ ಅವನ ಮನಸ್ಸು ತಂಪಾಯಿತು.

ಮುಖಕ್ಕೆ ಬೇಕಾದಷ್ಟು ದುಃಖ ತಂದುಕೊಂಡು ಒಳಗೆ ಬಂದ. “ಕಂಬ ತಗುಲಿಬಿಡ್ತು. ಎರಡು ಬಾಗಿಲೂ ಹೋಯ್ತು. ಆದ್ರೆ ಚಿಂತೆ ಇಲ್ಲ ಬಿಡಿ, ಪೂರ್ತಿ ಇನ್ಶೂರೆನ್ಸ್ ಇದ್ಯಲ್ಲ!”

ಷಡ್ಡಕನ ಮುಖದ ರಕ್ತ ಇಳಿದಿತ್ತು. ಕೌಂಟರಿನ ಹೆಂಗಸು ಬೆಳಗಿನ ಹಾಳೆ ತೆಗೆದು ಮುಂದಿಟ್ಟಳು. ಗುರುತು ಬಿದ್ದಿದ್ದು ‘ಬೇಡ’ ಎಂಬ ಚೌಕದಲ್ಲಿ. ಕೆಳಗೆ ಷಡ್ಡಕನ ಸಹಿ.

“ಭಾವ! ನನ್ನ ದುಡ್ಡು?”

“ಮಧ್ಯಾಹ್ನ ತಿಂದ್ವಲ್ಲ,” ಎಂದ ಷಡ್ಡಕ ಮೆಲ್ಲಗೆ. ಆಮೇಲೆ ದನಿ ಏರಿಸಿದ. “ನನ್ನ ಯಾಕೆ ಹಾಗೆ ನೋಡ್ತೀರಿ? ನೀವು ಗಾಡಿ ನೋಡೋಕೆ ಹೋದಾಗ ನಿಮ್ಮ ಮನೆಯವ್ರೇ ಬೇಡ ಅಂತ ಹಾಕ್ಸಿದ್ದು!”

ಹುಷಾರಪ್ಪ ಹೆಂಡತಿಯ ಕಡೆ ತಿರುಗಿದ.

“ಹೌದ್ರೀ, ನಾನೇ ಹೇಳಿದ್ದು,” ಎಂದಳು ಅವಳು. “ಇಷ್ಟು ವರ್ಷ ನಿಮ್ಮ ಪಕ್ಕ ಕೂತಿದೀನಿ, ಒಂದ್ಸಲಾನೂ ಮೈ ಅಲುಗಿಲ್ಲ. ಎಲ್ರೂ ನಿಮ್ಮನ್ನ ಆಡ್ಕೊಂಡು ನಗ್ತಿದ್ರಲ್ಲ, ಹೊಟ್ಟೆ ಉರೀತು. ‘ಭಾವ, ನಮ್ಮೋರ ಕೈಲಿ ಗಾಡಿ ಇದ್ರೆ ಇನ್ಶೂರೆನ್ಸ್ ಬೇಕಾಗಿಲ್ಲ, ಬೇಡ ಅಂತ ಹಾಕಿ, ಸಂಜೆ ಗೀರಿಲ್ದೆ ತಂದು ಒಪ್ಪಿಸ್ತಾರೆ, ಆಗ ಎಲ್ರೂ ಬಾಯಿ ಮುಚ್ಕೊಳ್ಳಿ’ ಅಂದೆ. ಬೆಳಗ್ಗೆಯಿಂದ ಅದನ್ನೇ ನೆನೆಸ್ಕೊಂಡು ಒಳಗೊಳಗೇ ನಗ್ತಾ ಇದ್ದೆ.”

ಮೂರು ತಿಂಗಳ ಸಂಬಳ ಹೋದದ್ದು ಆ ಗಳಿಗೆಯಲ್ಲಿ ಹುಷಾರಪ್ಪನಿಗೆ ನೆನಪೂ ಇರಲಿಲ್ಲ.

“ಪಾಪ, ವಯಸ್ಸಾಯ್ತಲ್ಲ, ಕಣ್ಣು ಮಂಜಾಗಿರ್ಬೇಕು,” ಎಂದರು ಅತ್ತೆ.

“ಹೌದು ಅತ್ತೆ,” ಎಂದು ಅವನು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡ. “ಇತ್ತೀಚೆಗೆ ಸರಿಯಾಗಿ ಕಾಣೋದೇ ಇಲ್ಲ.”

ಕೌಂಟರಿನ ಹೆಂಗಸು ಕಂಪ್ಯೂಟರಿನ ಪರದೆಯನ್ನು ಇವರ ಕಡೆ ತಿರುಗಿಸಿದಳು. ಅಂಗಳದ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. “ಕ್ಷಮಿಸಿ, ಕಾರು ಎರಡು ಸಲ ತಗುಲಿದೆ. ಎರಡು ಅಪಘಾತ ಎಂದೇ ಬರೆಯಬೇಕಾಗುತ್ತದೆ,” ಎಂದು ಫಾರಂ ಮುಂದೆ ತಳ್ಳಿದಳು.

ಪರದೆಯ ಮೇಲೆ ಕಾರು ಕಂಬಕ್ಕೆ ತಾಗಿತು. ಹುಷಾರಪ್ಪ ಇಳಿದ, ಬಗ್ಗಿ ನೋಡಿದ, ಮತ್ತೆ ಹತ್ತಿದ. ಕಾರು ಹಿಂದೆ ಸರಿದು, ನೇರವಾಗಿ, ಪುನಃ ಅದೇ ಕಂಬಕ್ಕೆ ಬಂತು. ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆ ನಕ್ಕಳು. ಇಂಥ ಡ್ರೈವಿಂಗ್ ತಾವು ಹುಟ್ಟಿದಾಗಿನಿಂದ ನೋಡಿರಲಿಲ್ಲ ಎಂದು ಅತ್ತೆಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹೆಂಡತಿ ಮಾತ್ರ ನಗಲಿಲ್ಲ. ಅವನು ಕಾರು ಓಡಿಸುವ ರೀತಿ ಅವಳೊಬ್ಬಳಿಗೆ ಗೊತ್ತಿತ್ತು. ಪರದೆ ಕಪ್ಪಾಗುವವರೆಗೂ ನೋಡಿ, ಪೆನ್ನು ಎತ್ತಿ ಅವನ ಕೈಗೆ ಕೊಟ್ಟು, ಅವನಿಗೆ ಮಾತ್ರ ಕೇಳುವಂತೆ ಕೇಳಿದಳು:

“ಮೊದಲನೇ ಸಲ ತಾಗ್ಸಿದ್ದು ಸಾಲ್ಲಿಲ್ವೇನ್ರೀ?”