ಭಟ್ಕಳದ ಕಡೆಗೆ ಹೊರಟ ಕಣ

ಮದುವೆಯಾದ ಮೇಲೆ ಭೌತಶಾಸ್ತ್ರ ಕಲಿಸಬಾರದು. ಕಲಿಸಲೇಬೇಕೆಂದರೆ ಹೆಂಡತಿ ಇರುವ ಊರಲ್ಲಿ ಕಲಿಸಬೇಕು. ನಾನು ಕುಮಟಾದ ಕಾಲೇಜಿನಲ್ಲಿ ಮೇಷ್ಟ್ರು, ಹೆಂಡತಿ ಸುಮಾ ಭಟ್ಕಳದ ಆಸ್ಪತ್ರೆಯಲ್ಲಿ ನರ್ಸು. ನಮ್ಮ ಸಂಸಾರ ನಡೆಯುವುದು ಶನಿವಾರದ ಬಸ್ಸಿನ ಮೇಲೆ. ಈಚೆಗೆ ಮಾಡಿದ ಪಾಠವೂ ಅಂಥದ್ದೇ: ವೇಗೋತ್ಕರ್ಷ ಕಾಲವನ್ನು ಬಿಟ್ಟು ಜಾಗವನ್ನು ನೆಚ್ಚಿಕೊಂಡಿದ್ದರೆ ಕಣದ ವೇಗ ಕಂಡುಹಿಡಿಯುವುದು ಹೇಗೆ? ಗಡಿಯಾರ ಮರೆಯಿರಿ, ಕಣ ಎಲ್ಲಿದೆಯೆಂದು ಕೇಳಿ. ದಾರಿಯುದ್ದಕ್ಕೂ ವೇಗೋತ್ಕರ್ಷವನ್ನು ಕೂಡಿಸುತ್ತ ಹೋದರೆ ವೇಗದ ವರ್ಗದ ಅರ್ಧ ಎಷ್ಟು ಹೆಚ್ಚಿತೆಂದು ಸಿಗುತ್ತದೆ ಎಂದು ಗಂಟಲು ಹರಿದುಕೊಂಡೆ. ಆದರೂ ಅರ್ಧ ತರಗತಿ ಹಳೆಯ ಸೂತ್ರಕ್ಕೇ ಕಾಲವನ್ನು ತುರುಕಿ ಕೂತಿತು.

ನಮ್ಮ ಮನೆಯಲ್ಲೂ ಗಡಿಯಾರಕ್ಕೆ ಬೆಲೆಯಿಲ್ಲ. ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಸುಮಾ ಫೋನಿನಲ್ಲಿ ಕೇಳುವವಳಲ್ಲ. "ಎಲ್ಲಿ ಮುಟ್ಟಿದ್ರಿ?" ಎಂಬುದೊಂದೇ ಅವಳ ಪ್ರಶ್ನೆ. ಹೊನ್ನಾವರ ಎಂದರೆ ಅನ್ನಕ್ಕಿಡುತ್ತಾಳೆ, ಮುರ್ಡೇಶ್ವರ ಎಂದರೆ ಬಂಗಡೆ ಮೀನು ಕಾವಲಿಗೆ ಬೀಳುತ್ತದೆ, ಶಿರಾಲಿ ಎಂದರೆ ಚಾಕ್ಕೆ ನೀರು.

ಕಳೆದ ಶನಿವಾರ ಅವಳಿಗೆ ರಾತ್ರಿ ಪಾಳಿ. ಭಾನುವಾರ ಹಗಲೆಲ್ಲ ಅವಳಿಗೆ ನಿದ್ದೆ, ನನಗೆ ಆ ನಿದ್ದೆಯ ಕಾವಲು. ಹಾಗಾಗಿ ಸಂಜೆ ನಾನು ಮುಟ್ಟಿದ ಮೇಲೆ ಅವಳು ಹೊರಡುವ ತನಕದ, ಒಂದು ಊಟದಷ್ಟು ಹೊತ್ತು ಮಾತ್ರ ನಮ್ಮಿಬ್ಬರದು. ಭಟ್ಕಳಕ್ಕೇ ಕೊನೆಯಾಗುವ ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ, ಭಟ್ಕಳ ದಾಟಿ ಮುಂದೆ ಹೋಗುವ ಕುಂದಾಪುರದ ಬಸ್ಸು ಹತ್ತಿಬಿಟ್ಟೆ. ಸೀಟು ಸಿಕ್ಕಿದ್ದೇ ತಡ, ಇಷ್ಟು ಆಸೆ ಹೊತ್ತ ಕಣ ಭಟ್ಕಳ ಮುಟ್ಟುವಾಗ ಎಷ್ಟು ವೇಗದಲ್ಲಿರಬಹುದೆಂಬ ಹುಚ್ಚು ಲೆಕ್ಕ ತಲೆಗೇರಿತು. ಸ್ಪ್ರಿಂಗಿನ ಹಾಗೆ, ದೂರವಿದ್ದಷ್ಟೂ ಸೆಳೆತ ಜಾಸ್ತಿ ಎಂದಿಟ್ಟುಕೊಂಡೆ. ಇಟ್ಟುಕೊಳ್ಳುವುದೇನು ಬಂತು, ನಿಜವೇ. ಕುಮಟಾದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಗಂಜಿ ಉಣ್ಣುವಾಗ ಅವಳು ಬೇಕು ಬೇಕೆನಿಸುವಷ್ಟು ಎದುರಿಗೆ ಕೂತಾಗಲೂ ಅನಿಸುವುದಿಲ್ಲ. ಶರಾವತಿ ಸೇತುವೆ ದಾಟಿತು, ಮಂಕಿ ದಾಟಿತು. ಶಿರಾಲಿಯಲ್ಲಿ ಫೋನು ಬಂತು. "ಚಾ ಇಡು" ಎಂದವನೇ ಕಣ್ಣು ಮುಚ್ಚಿ ಮತ್ತೆ ಲೆಕ್ಕಕ್ಕಿಳಿದೆ. ಉತ್ತರ ಚೆಂದ ಬಂತು: ಸೆಳೆಯುವ ಜಾಗ ಮುಟ್ಟಿದಾಗ ಸೆಳೆತ ಸೊನ್ನೆ, ವೇಗ ಎಲ್ಲಕ್ಕಿಂತ ಹೆಚ್ಚು. ಖುಷಿಯಿಂದ ಕಣ್ಣು ಬಿಟ್ಟರೆ ಎದುರಿಗೆ ಕಂಡಕ್ಟರು.

"ಎಂತ ಮಾಸ್ತರ್ರೇ, ಇಳೀಲಿಲ್ವಾ? ಭಟ್ಕಳ ಹಿಂದೇ ಹೋತು. ಇನ್ನು ಶಿರೂರೇ."

ಅಷ್ಟರಲ್ಲಿ ಮತ್ತೆ ಫೋನು. "ಎಲ್ಲಿ ಮುಟ್ಟಿದ್ರಿ? ಚಾ ತಣ್ಣಗಾತು."

"ಶಿರೂರು."

"ಅಲ್ಲಿ ಯಾರಿದ್ರು ನಿಮಗೆ?" ಎಂದು ನಕ್ಕಳು. ನಗು ಬೇಗ ನಿಂತುಹೋಯಿತು.

ನಾನು ತಿರುಗಿ ಬರುವಾಗ ಅವಳು ಸಮವಸ್ತ್ರದಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. "ಬಂಗಡೆ ಮುಚ್ಚಿಟ್ಟಿದ್ದೆ. ಬೆಕ್ಕು ಬತ್ತದೆ, ನೋಡ್ಕಳಿ" ಎಂದು ಬೀಗದ ಕೈ ಕೊಟ್ಟಳು. ಕೊಟ್ಟ ಮೇಲೂ ನನ್ನ ಕೈ ಬಿಡಲಿಲ್ಲ. ಆಮೇಲೆ "ಆತು, ಹೋಗ್ತೆ" ಎಂದು ರಿಕ್ಷಾ ಹತ್ತಿದಳು. ಆ ರಾತ್ರಿ ಬಂಗಡೆಯ ತಟ್ಟೆಯನ್ನು ಬೆಕ್ಕಿನ ಮುಂದೆ ಸರಿಸಿದೆ. ಬೆಕ್ಕಿನ ಊಟ ಚೆನ್ನಾಗಿ ಆಯಿತು.

ಸೋಮವಾರ ಸ್ಪ್ರಿಂಗಿನ ಕಣದ ಲೆಕ್ಕವನ್ನೇ ಬೋರ್ಡಿನ ಮೇಲೆ ಬಿಡಿಸಿದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ಅದನ್ನ ಎಳೀತಾ ಇದ್ದದ್ದು ಆ ಜಾಗವೇ ಅಲ್ದಾ? ಮತ್ತೆ ಅಲ್ಲಿ ಮುಟ್ಟಿದ ಮೇಲೂ ನಿಲ್ಲೂದಿಲ್ಲ ಎಂತಕ್ಕೆ?"

ಸೀಮೆಸುಣ್ಣ ಕೆಳಗಿಟ್ಟು ಬೋರ್ಡು ಒರೆಸಿದೆ.

"ಅದು ಪರೀಕ್ಷೆಗೆ ಬರೂದಿಲ್ಲ, ಕೂತ್ಕೋ" ಎಂದೆ.